ಓದುಗರ ಪ್ರಶ್ನೆ: ಸ್ಟೇಷನ್ ಹತ್ತಿರ ಡಬ್ಬಿ ಅಡಗಿಸಬಹುದೇ?

ಪ್ರಶ್ನೆ: ಕುಂಬಳೆಯ ರೈಲಿನ ಇತಿಹಾಸ ಮಕ್ಕಳಿಗೆ ಗೊತ್ತಾಗಲಿ ಅಂತ ಸ್ಟೇಷನ್ ಹತ್ತಿರ ಜಿಯೋಕ್ಯಾಶ್ ಡಬ್ಬಿ (ಫೋನಿನ ಜಿಪಿಎಸ್ ನೋಡಿ ಹುಡುಕುವ ಆಟಕ್ಕೆ ಅಡಗಿಸಿಡುವ ಡಬ್ಬಿ) ಇಡಬೇಕೆಂದಿದ್ದೇವೆ. ಇಡಬಹುದೇ?
– ಓದುಗರೊಬ್ಬರು, ಕುಂಬಳೆ

ಉತ್ತರ: ಒಳ್ಳೆ ಯೋಚನೆ, ಖಂಡಿತ ಮಾಡಿ. ಆದರೆ ಹಳಿ ಪಕ್ಕ, ಸೇತುವೆ ಕೆಳಗೆ ಬೇಡವೇ ಬೇಡ. ಅನುಮತಿ ಇಲ್ಲದೆ ಹಳಿಗೆ ಇಳಿದರೆ 1989ರ ರೈಲ್ವೆ ಕಾಯ್ದೆಯಲ್ಲಿ 6 ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ಅದಕ್ಕಿಂತ ದೊಡ್ಡ ಭಯ, ಇದು ಫೋನ್ ನೋಡ್ತಾ ನಡೆಯುವ ಆಟ ಅಲ್ವಾ, ರೈಲು ಬಂದದ್ದೇ ಗೊತ್ತಾಗದಿದ್ದರೆ? ಸ್ಟೇಷನ್ನಿನಲ್ಲಿ ವಾರಸುದಾರರಿಲ್ಲದ ಡಬ್ಬಿ ಕಂಡರೆ ಸುಮ್ನೆ ಪೊಲೀಸರನ್ನು ಕರೆಸಿದಂತೆ.

ಮಲ್ಟಿ ಕ್ಯಾಶ್ ಮಾಡಿ, ಅಂದರೆ ಒಂದು ಕಡೆ ಸಿಕ್ಕ ಸುಳಿವು ಹಿಡಿದು ಇನ್ನೊಂದು ಕಡೆ ಇರುವ ಡಬ್ಬಿ ಹುಡುಕುವುದು. ಪ್ಲಾಟ್‌ಫಾರ್ಮಿನ ತುದಿಯ ಹಳದಿ ಬೋರ್ಡಿನಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದಲ್ಲ, ಮಕ್ಕಳು ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಹೋಗಿ ಆ ಅಂಕಿ ಬರೆದುಕೊಂಡು ಬರಲಿ, ಅದನ್ನು ನಿಮ್ಮ ಸುಳಿವಿಗೆ ಕೂಡಿಸಿದರೆ ಡಬ್ಬಿಯ ಅಕ್ಷಾಂಶ, ರೇಖಾಂಶ ಸಿಗಬೇಕು. ಡಬ್ಬಿ ಮಾತ್ರ ದೂರದ ಲೈಬ್ರರಿಯಲ್ಲೋ ಶಾಲೆಯಲ್ಲೋ ಕೇಳಿಯೇ ಇಡಿ, ಹೂಳಬೇಡಿ. ನಮ್ಮ ಮಳೆಗೆ ನೀರು ಹೋಗದ ಮುಚ್ಚಳ ಬೇಕು. ಒಳಗೆ ಹೆಸರು ಬರೆಯುವ ಪುಸ್ತಕ, ಜೊತೆಗೊಂದು ಚೀಟಿ: ಈ ಹಳಿ 1907ರಲ್ಲಿ ಮಂಗಳೂರು ಮುಟ್ಟಿತು, ಆಗ ಕುಂಬಳೆ ಇರುವ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಚೀಟಿ ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ.