ನನ್ನ ಬಾಲ್ ಪೈಥಾನ್ ಬಾಯಿ ತೆರೆದು ಉಸಿರಾಡುತ್ತಿದೆ, ಬಿಸಿ ಹೆಚ್ಚಿಸಿದರೆ ಸಾಕೇ?

ನಿಮ್ಮ ಬಾಲ್ ಪೈಥಾನ್ (ಮನೆಯಲ್ಲಿ ಸಾಕುವ ಸಣ್ಣ ಜಾತಿಯ ಹೆಬ್ಬಾವು) ಮೂರು ದಿನದಿಂದ ಬಾಯಿ ತೆರೆದು ಉಸಿರಾಡುತ್ತಿದೆ, ಮೂಗಿನ ಹತ್ತಿರ ಲೋಳೆಯ ಗುಳ್ಳೆ ಕಾಣುತ್ತಿದೆ, ಬಿಸಿ ಹೆಚ್ಚಿಸಿದರೆ ತಾನೇ ವಾಸಿಯಾಗುತ್ತದೆಯೇ ಅಂತ ಕೇಳಿದ್ದೀರಿ. ಆಗುವುದಿಲ್ಲ. ಸರೀಸೃಪಗಳನ್ನು ನೋಡಿ ರೂಢಿಯಿರುವ ಪಶುವೈದ್ಯರ ಹತ್ತಿರ ನಾಳೆಯೇ ಕರೆದುಕೊಂಡು ಹೋಗಿ. ಬಿಸಿಯೂ ಬೇಕು, ಔಷಧವೂ ಬೇಕು. ನಾನು ಬಿಸಿಯನ್ನು ಸರಿಯಾಗಿ ನೋಡದೆ ಬರೀ ಔಷಧ ನಂಬಿಕೊಂಡು ನನ್ನ ಹಾವಿಗೆ ಒಂದೂವರೆ ತಿಂಗಳು ಹೆಚ್ಚಿಗೆ ನರಳಾಟ ಕೊಟ್ಟೆ. ಅದು ನಿಮ್ಮ ಹಾವಿಗೆ ಬರಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನ್ನದೂ ಬಾಲ್ ಪೈಥಾನೇ, ಹೆಣ್ಣು. ಒಂದು ರಾತ್ರಿ ದೀಪ ಆರಿಸಿದ ಮೇಲೆ ಗೂಡಿನಿಂದ ಸಣ್ಣಗೆ ಟಿಕ್, ಟಿಕ್ ಅನ್ನುವ ಸದ್ದು ಕೇಳಿಸಿತು. ಕಣ್ಣು ಮಂಜಾಗಿತ್ತು, ಪೊರೆ ಬಿಡುವ ಹೊತ್ತು. ಆ ಸಮಯದಲ್ಲಿ ಹೊಳ್ಳೆಯಲ್ಲಿ ಹಳೇ ಚರ್ಮ ಸಿಕ್ಕಿಕೊಂಡು ಶಿಳ್ಳೆಯಂಥ ಸದ್ದು ಬರುವುದುಂಟು, ಪೊರೆ ಬಿಟ್ಟ ಮೇಲೆ ನಿಂತುಹೋಗುತ್ತದೆ. ನನ್ನ ಹಾವು ಪೊರೆ ಬಿಟ್ಟಿತು, ಸದ್ದು ನಿಲ್ಲಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಮೂಲೆಯ ಗಾಜಿಗೆ ಕತ್ತನ್ನು ನೆಟ್ಟಗೆ ಆನಿಸಿಕೊಂಡು ಮೇಲೆ ನೋಡುತ್ತಿತ್ತು. ಬಾಯಿ ಒಂದು ಎಳೆಯಷ್ಟು ತೆರೆದಿತ್ತು, ತುಟಿಯಿಂದ ಗಾಜಿನವರೆಗೆ ಲೋಳೆಯ ದಾರ. ಕತ್ತೆತ್ತಿ ಕೂರುವುದು ಗಾಳಿ ಸಾಲದ್ದಕ್ಕೆ. ಕಫ ಹಾದಿಗೆ ಅಡ್ಡ ಬಂದಾಗ ಹೀಗೆ ಕೂತು ಉಸಿರು ಎಳೆಯುತ್ತವೆ.

ಹಾವಿಗೆ ನಮ್ಮ ಹಾಗೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು, ಇಲ್ಲ. ಬಲವಾಗಿ ಕೆಮ್ಮಿ ಕಫ ಆಚೆ ಹಾಕುವುದು ಅದರ ಕೈಲಾಗದು. ಶ್ವಾಸಕೋಶ ಉದ್ದನೆಯ ಚೀಲ, ಹಿಂಭಾಗದಲ್ಲಿ ಬರೀ ಗಾಳಿ ತುಂಬಿಕೊಳ್ಳುವ ಜಾಗ. ಅಲ್ಲಿಗೆ ಇಳಿದ ಕೀವು ಮೇಲೆ ಬರುವುದು ಕಷ್ಟ, ಅದೂ ಹಾವಿನ ಕೀವು ನೀರಾಗಿರದೆ ಗಿಣ್ಣಿನ ಹಾಗೆ ಗಟ್ಟಿಯಾಗಿರುತ್ತದೆ. ಹಾಗಾಗಿಯೇ ನಮ್ಮ ನೆಗಡಿಯಂತೆ ವಾರ ಕಾದರೆ ಹೋಗುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗುಳ್ಳೆ ಕಣ್ಣಿಗೆ ಬಿದ್ದಿದೆ ಅಂದರೆ ಕಾಯಿಲೆ ಶುರುವಾಗಿ ಎಷ್ಟೋ ದಿನವಾಗಿದೆ.

ಡಾಕ್ಟರ್ ಬಾಯೊಳಗೆ ನೋಡಿ, ಎಕ್ಸ್‌ರೇ ತೆಗೆದು, ಲೋಳೆಯ ಮಾದರಿಯನ್ನು ಕಲ್ಚರ್‌ಗೆ (ಯಾವ ರೋಗಾಣು ಅಂತ ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಿ, ಸೆಫ್ಟಾಜಿಡಿಮ್ ಅನ್ನುವ ಆಂಟಿಬಯಾಟಿಕ್ ಇಂಜೆಕ್ಷನ್ ಶುರು ಮಾಡಿದರು, ಮೂರು ದಿನಕ್ಕೊಂದು. ಎರಡನೇ ವಾರಕ್ಕೆ ಸದ್ದು ಇಳಿಯಿತು, ನಾಲ್ಕನೇ ವಾರಕ್ಕೆ ಮತ್ತೆ ಬಂತು. ಔಷಧ ಬದಲಿಸಿ ಅಂತ ಕೇಳಲು ಹೋದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ತಾಪಮಾನ ಎಲ್ಲಿ ಅಳೆಯುತ್ತಿದ್ದೀರಿ?"

ನನ್ನ ಮೀಟರ್ ಮುಚ್ಚಳದ ಹತ್ತಿರ, ಗಾಜಿನ ಗೋಡೆಗೆ ಅಂಟಿಕೊಂಡಿತ್ತು. ಅಲ್ಲಿ 32 ಡಿಗ್ರಿ. ಮನೆಗೆ ಬಂದು ಹಾವು ಮಲಗುವ ನೆಲದಲ್ಲೇ ಅಳೆದರೆ 26. ರಾತ್ರಿ ಇನ್ನೂ ಕೆಳಗೆ. ಹಾವಿನ ಮೈಬಿಸಿ ಹೊರಗಿನಿಂದಲೇ ಬರಬೇಕು. ಮೈ ತಣ್ಣಗಿದ್ದರೆ ರೋಗದ ಜೊತೆ ಹೋರಾಡುವ ಶಕ್ತಿಯೂ ಮಂದ, ಔಷಧ ಮೈಯಲ್ಲಿ ಹರಡಿ ಕೆಲಸ ಮಾಡುವ ರೀತಿಯೂ ಏರುಪೇರು. ನಾನು ಕೊಟ್ಟ ಅಷ್ಟೂ ಇಂಜೆಕ್ಷನ್ ತಣ್ಣನೆಯ ಮೈಗೆ ಹೋಗಿತ್ತು.

ಅವತ್ತೇ ಥರ್ಮೋಸ್ಟಾಟ್‌ನ (ಬಿಸಿಯನ್ನು ತಾನೇ ಹಿಡಿತದಲ್ಲಿಡುವ ಸಾಧನ) ತಂತಿಯ ತುದಿಯನ್ನು ನೆಲಕ್ಕೆ, ಹಾವಿನ ಹೊಟ್ಟೆ ತಾಗುವ ಜಾಗಕ್ಕೇ ತಂದೆ. ಬೆಚ್ಚನೆಯ ಕಡೆ 32, ತಂಪಿನ ಕಡೆ 27, ಹಗಲೂ ರಾತ್ರಿ ಹಾಗೆಯೇ. ಕಾಯಿಲೆ ಇರುವಾಗ ರಾತ್ರಿ ತಾಪಮಾನ ಇಳಿಸಬಾರದು. ನೀವು ಬಲ್ಬ್ ಹಾಕಿ ಬಿಸಿ ಹೆಚ್ಚಿಸುವುದಾದರೆ ಥರ್ಮೋಸ್ಟಾಟ್ ಇಲ್ಲದೆ ಖಂಡಿತ ಬೇಡ, ಮೈ ಸುಡುತ್ತಿದ್ದರೂ ಹಾವು ಸರಿದುಕೊಳ್ಳದೆ ಅಲ್ಲೇ ಮಲಗಿರುವುದುಂಟು. ತಂಪಿನ ಮೂಲೆಯನ್ನೂ ಉಳಿಸಿ, ಎಲ್ಲಿ ಇರಬೇಕೆಂದು ಅದೇ ಆರಿಸಿಕೊಳ್ಳಲಿ. ತೇವಾಂಶ 60 ಶೇಕಡಾ ಆಸುಪಾಸು ಸಾಕು. ಕಫ ಸಡಿಲವಾಗಲಿ ಅಂತ ನೀರು ಚಿಮುಕಿಸಿ ಗಾಳಿ ಕಿಂಡಿ ಮುಚ್ಚಬೇಡಿ, ಒದ್ದೆ ನೆಲ ಮತ್ತು ನಿಂತ ಗಾಳಿ ಸೋಂಕಿಗೆ ಹಬ್ಬ. ಕೆಳಗಿನ ಮರದ ಚಕ್ಕೆ, ತೆಂಗಿನ ನಾರಿನ ಪುಡಿ ಎಲ್ಲ ತೆಗೆದು ಬರೀ ಪೇಪರ್ ಟವೆಲ್ ಹಾಸಿ. ದೂಳು ಇರುವುದಿಲ್ಲ, ಲೋಳೆಯ ಕಲೆಯೂ ಹಾಳೆಯ ಮೇಲೆ ಕಾಣುತ್ತದೆ. ಹಾವಿಗೆ ಗುಣವಾಗುತ್ತಿದೆ ಅಂತ ನನಗೆ ಮೊದಲು ತಿಳಿದದ್ದೇ ಬೆಳಗಿನ ಹಾಳೆ ಒಣಗಿದ್ದರಿಂದ.

ಇಂಜೆಕ್ಷನ್ ಬಗ್ಗೆ ಹೆದರಿಕೆ ಇರುತ್ತದೆ. ಡಾಕ್ಟರ್ ಎದುರಲ್ಲೇ ಒಂದು ಸಲ ಕೊಟ್ಟು ಕಲಿತುಕೊಳ್ಳಿ. ನನಗೆ ಸಿರಿಂಜುಗಳಲ್ಲಿ ತುಂಬಿಯೇ ಕೊಟ್ಟಿದ್ದರು, ಫ್ರೀಜರಿನಲ್ಲಿ ಇಡಬೇಕು, ಕೊಡುವ ಮುಂಚೆ ಅಂಗೈಯಲ್ಲಿ ಹಿಡಿದು ಕರಗಿಸಬೇಕು. ಮೈಯ ಮುಂದಿನ ಮೂರನೇ ಒಂದು ಭಾಗದಲ್ಲಿ, ಬೆನ್ನೆಲುಬಿನ ಪಕ್ಕದ ಮಾಂಸಖಂಡಕ್ಕೆ, ಒಂದು ಸಲ ಎಡ, ಒಂದು ಸಲ ಬಲ. ಹಿಂಭಾಗದಲ್ಲಿ ಕೊಟ್ಟರೆ ಔಷಧ ಮೊದಲು ಮೂತ್ರಪಿಂಡದ ದಾರಿ ಹಿಡಿಯಬಹುದು ಅಂತ ಮುಂಭಾಗ ಆರಿಸುತ್ತಾರೆ. ಡೋಸ್ ನಾನು ಹೇಳುವುದಿಲ್ಲ, ಅದು ತೂಕದ ಮೇಲೆ ನಿಂತದ್ದು, ಡಾಕ್ಟರೇ ಹೇಳಬೇಕು. ಸದ್ದು ನಿಂತ ದಿನ ಇಂಜೆಕ್ಷನ್ ನಿಲ್ಲಿಸಬೇಡಿ, ಹೇಳಿದಷ್ಟೂ ಮುಗಿಸಿ. ಬಿಸಿ ಸರಿಯಾದ ಮೇಲೆ ನನ್ನದಕ್ಕೆ ಇನ್ನೊಂದು ಸುತ್ತು ಪೂರ್ತಿ ಬೇಕಾಯಿತು.

ಊಟಕ್ಕೆ ಒತ್ತಾಯ ಮಾಡಬೇಡಿ. ಉಸಿರಿಗೇ ಕಷ್ಟಪಡುವ ಹಾವಿನ ಗಂಟಲಿಗೆ ಇಲಿ ತುರುಕಿದರೆ ಅಪಾಯ, ಮೈ ತುಂಬಿಕೊಂಡಿರುವ ದೊಡ್ಡ ಹಾವು ನೀರಿದ್ದರೆ ವಾರಗಟ್ಟಲೆ ತಡೆಯುತ್ತದೆ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ, ಇಳಿಯುತ್ತಲೇ ಹೋದರೆ ಡಾಕ್ಟರಿಗೆ ಹೇಳಿ. ಆಳದ ನೀರಿನಲ್ಲಿ ನೆನೆಸುವುದು, ನಮ್ಮ ನೆಗಡಿ ಮುಲಾಮು, ಕರ್ಪೂರ, ಮನೆಯಲ್ಲಿ ಉಳಿದ ಮಾತ್ರೆ, ಇವು ಯಾವುವೂ ಬೇಡ.

ಇನ್ನೊಂದು ಮಾತು, ಇದು ಹೇಳಲು ಕಷ್ಟ. ಬಿಸಿ, ಔಷಧ ಎರಡೂ ಸರಿಯಿದ್ದೂ ಮರುಕಳಿಸುತ್ತಿದ್ದರೆ ವೈರಸ್ ಪರೀಕ್ಷೆ ಮಾಡಿಸಿ. ಹೆಬ್ಬಾವುಗಳ ಶ್ವಾಸಕೋಶಕ್ಕೆ ಬರುವ ನಿಡೊವೈರಸ್ ಬಗ್ಗೆ ಮೊದಲು ವರದಿಯಾದದ್ದೇ 2014ರಲ್ಲಿ. ಆಂಟಿಬಯಾಟಿಕ್‌ಗೆ ಅದು ಜಗ್ಗುವುದಿಲ್ಲ. ಬಾಯಿಯ ಸ್ವಾಬ್‌ನಿಂದ ಗೊತ್ತಾಗುತ್ತದೆ. ಮನೆಯಲ್ಲಿ ಬೇರೆ ಹಾವಿದ್ದರೆ ಫಲಿತಾಂಶಕ್ಕೆ ಕಾಯದೆ ಇವತ್ತೇ ಬೇರೆ ಕೋಣೆಗೆ ಸಾಗಿಸಿ. ಆರೋಗ್ಯವಾಗಿರುವುದರ ಆರೈಕೆ ಮೊದಲು, ಕಾಯಿಲೆಯದರದ್ದು ಕೊನೆಗೆ. ಇಕ್ಕಳ, ನೀರಿನ ಬಟ್ಟಲು ಅದಲುಬದಲು ಮಾಡಬೇಡಿ. ಹುರುಪೆಗಳ ಸಂದಿಯಲ್ಲಿ ಕಪ್ಪು ಚುಕ್ಕಿಯಂಥ ನುಸಿ ಇದೆಯೇ ನೋಡಿ, ಇದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ.

ಇವತ್ತು ರಾತ್ರಿ ಫ್ಯಾನ್ ಆರಿಸಿ, ಅದರ ಉಸಿರನ್ನು ಸದ್ದು ಕೇಳುವ ಹಾಗೆ ಒಂದು ನಿಮಿಷ ಮೊಬೈಲಿನಲ್ಲಿ ವಿಡಿಯೊ ಮಾಡಿ. ಡಾಕ್ಟರ್ ಮೇಜಿನ ಮೇಲೆ ಎಷ್ಟೋ ಹಾವುಗಳು ಸುಮ್ಮನಿದ್ದುಬಿಡುತ್ತವೆ. ನೆಲದ ತಾಪಮಾನ ಎರಡೂ ಕಡೆ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಬೆಳಿಗ್ಗೆ ಬಟ್ಟೆಯ ಚೀಲದಲ್ಲಿ ಹಾಕಿ, ಚೀಲವನ್ನು ಡಬ್ಬದೊಳಗಿಟ್ಟು, ಡಬ್ಬದ ಪಕ್ಕ ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟುಕೊಂಡು ಹೊರಡಿ. ಡಾಕ್ಟರ್ ಏನು ಹೇಳಿದರು ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.