ಒಂದೇ ಪೆಟ್ಟು, ಎರಡು ಕಂತಿನ ನೋವು

ಪ್ರಶ್ನೆ: ಕಾಲ್ಬೆರಳು ಎಡವಿದಾಗ ಮೊದಲು ಚುಳ್ಳೆನ್ನುತ್ತದೆ. ಕ್ಷಣ ಬಿಟ್ಟು ಉರಿಯುವ ನೋವು ಬೇರೆಯಾಗಿ ಬರುತ್ತದೆ. ಏಕೆ?

ಉತ್ತರ: ಸುದ್ದಿ ಒಯ್ಯುವ ತಂತುಗಳು ಎರಡು ಬಗೆಯವು. ಬೆರಳಿನ ನೋವನ್ನು ಅರಿಯುವ ನರಕೋಶದ ಒಡಲು ಇರುವುದು ಬೆರಳಿನಲ್ಲಲ್ಲ, ಬೆನ್ನುಮೂಳೆಯ ಪಕ್ಕದ ನರಗಂಟಿನಲ್ಲಿ. ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಆ ಕೋಶ ಸುಮಾರು 1 ಮೀಟರ್ ಉದ್ದದ ತಂತುವನ್ನು ಕಾಲಿನ ತುದಿಯವರೆಗೆ ಚಾಚಿರುತ್ತದೆ. ಇದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ.

ಸುಮ್ಮನಿರುವ ತಂತುವಿನ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣವಾಗಿರುತ್ತದೆ. ಪೆಟ್ಟು ಬಿದ್ದರೆ ತಂತುವಿನ ಪೊರೆಯಲ್ಲಿನ ಸೋಡಿಯಂ ಬಾಗಿಲುಗಳು ತೆರೆದು, ಧನ ಸೋಡಿಯಂ ಕಣಗಳು ಒಳನುಗ್ಗಿ, ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಒಳಭಾಗ ಧನವಾಗುತ್ತದೆ. ಅದು ಪಕ್ಕದ ಬಾಗಿಲುಗಳನ್ನೂ ತೆರೆಸುತ್ತದೆ. ಹಿಂದೆಯೇ ಪೊಟ್ಯಾಸಿಯಂ ಹೊರಹೋಗಿ ಮೊದಲಿನ ಸ್ಥಿತಿ ಮರಳುತ್ತದೆ. (ಹಲ್ಲು ಕೀಳುವ ಮುನ್ನ ಕೊಡುವ ಲಿಡೊಕೇನ್ ಇದೇ ಸೋಡಿಯಂ ಬಾಗಿಲುಗಳನ್ನು ಮುಚ್ಚುತ್ತದೆ.)

ಚುಳ್ಳೆನ್ನುವ ನೋವಿನ ತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆಯಿದೆ. ಹೊದಿಕೆ ಇರುವಲ್ಲಿ ಬಾಗಿಲು ತೆರೆಯುವ ಕೆಲಸವೇ ಇಲ್ಲ. ಸಂಕೇತ ನಡುವಣ ಸಂದಿಯಿಂದ ಸಂದಿಗೆ ನೆಗೆಯುತ್ತದೆ, ವೇಗ ಸೆಕೆಂಡಿಗೆ 5ರಿಂದ 30 ಮೀಟರ್. ಉರಿನೋವಿನ ತಂತುಗಳಿಗೆ ಮೈಲಿನ್ ಇಲ್ಲ, ವೇಗ ಅರ್ಧದಿಂದ 2 ಮೀಟರ್ ಅಷ್ಟೆ. ಆ ಒಂದು ಮೀಟರ್ ದಾರಿಗೆ ಅದು ಒಂದು ಸೆಕೆಂಡಿನಷ್ಟು ತೆಗೆದುಕೊಳ್ಳುವುದು ಇದರಿಂದಲೇ.

ಪ್ರಶ್ನೆ: ಮಣಿಕಟ್ಟಿನಲ್ಲಿ ತುಂಡಾದ ನರ ಮತ್ತೆ ಬೆಳೆಯುತ್ತದಂತೆ. ಬೆನ್ನುಹುರಿ ಏಕೆ ಬೆಳೆಯದು?

ಉತ್ತರ: ವ್ಯತ್ಯಾಸ ಇರುವುದು ಹೆಚ್ಚಾಗಿ ಸುತ್ತಲಿನ ಕೋಶಗಳಲ್ಲಿ. ಕೈಕಾಲಿನ ನರಗಳಿಗೆ ಮೈಲಿನ್ ಸುತ್ತುವುದು ಶ್ವಾನ್ ಕೋಶಗಳು. ನರ ತುಂಡಾದರೆ ಅವು ಹಳೆಯ ಮೈಲಿನ್ ತೆರವುಗೊಳಿಸಿ, ಸಾಲಾಗಿ ನಿಂತು ಹೊಸ ಚಿಗುರಿಗೆ ದಾರಿ ಮಾಡಿಕೊಡುತ್ತವೆ. ಬೆಳವಣಿಗೆ ದಿನಕ್ಕೆ ಸುಮಾರು 1 ಮಿಲಿಮೀಟರ್. ಹಾಗಾಗಿ ಮಣಿಕಟ್ಟಿನಿಂದ ಬೆರಳತುದಿಗೆ ಆರು ತಿಂಗಳಾದರೂ ಬೇಕು. ಪೂರ್ತಿ ತುಂಡಾಗಿದ್ದರೆ ತುದಿಗಳನ್ನು ಎದುರುಬದುರು ಹೊಲಿಯಲೇಬೇಕು, ಇಲ್ಲದಿದ್ದರೆ ಚಿಗುರುಗಳು ದಾರಿ ತಪ್ಪಿ ನೋವಿನ ಗಂಟಾಗುತ್ತವೆ. ಸ್ಪರ್ಶ ಮರಳುವವರೆಗೆ ಆ ಬೆರಳುಗಳನ್ನು ಬಿಸಿಯಿಂದ ಕಾಪಾಡಿ, ಸುಟ್ಟರೂ ತಿಳಿಯುವುದಿಲ್ಲ.

ಬೆನ್ನುಹುರಿಯಲ್ಲಿ ಮೈಲಿನ್ ಸುತ್ತುವುದು ಆಲಿಗೋಡೆಂಡ್ರೋಸೈಟ್‌ಗಳು. ಅವುಗಳ ಮೈಲಿನ್‌ನಲ್ಲೇ ಬೆಳವಣಿಗೆ ತಡೆಯುವ ಪ್ರೋಟೀನುಗಳಿವೆ, ಅದರ ಚೂರುಗಳು ಬೇಗ ತೆರವಾಗುವುದೂ ಇಲ್ಲ. ಜೊತೆಗೆ ಗಾಯದ ಸುತ್ತ ಆಸ್ಟ್ರೋಸೈಟ್ ಎಂಬ ಕೋಶಗಳು ಕಲೆ ಕಟ್ಟುತ್ತವೆ. ಅಲ್ಲಿನ ನರಕೋಶಗಳಿಗೆ ಹೊಸದಾಗಿ ಬೆಳೆಯುವ ಕಸುವೂ ಕಡಿಮೆ.

ಪ್ರಶ್ನೆ: ಮಿದುಳಿನಲ್ಲಿ ನರಕೋಶಗಳ ಹತ್ತುಪಟ್ಟು ಗ್ಲಿಯಾ, ಅಂದರೆ ನರಕೋಶಗಳ ಜೊತೆಗಿರುವ ಸಹಾಯಕ ಕೋಶಗಳು, ಇವೆಯೇ? ಅವು ಬರೀ ಆಸರೆಯೇ?

ಉತ್ತರ: ಎರಡೂ ಅಲ್ಲ. ನರಕೋಶಗಳು ಸುಮಾರು 8,600 ಕೋಟಿ, ಗ್ಲಿಯಾವೂ ಹೆಚ್ಚುಕಡಿಮೆ ಅಷ್ಟೇ. ಇವುಗಳಲ್ಲಿ ಆಸ್ಟ್ರೋಸೈಟ್‌ನ ಕೆಲಸ ನೋಡಿ: ಎರಡು ನರಕೋಶಗಳ ನಡುವಣ ಸಂದಿಗೆ ಸುರಿದ ಗ್ಲುಟಮೇಟ್ ಎಂಬ ಸಂದೇಶ ರಾಸಾಯನಿಕವನ್ನು ಅದು ಕೂಡಲೇ ಹೀರಿ ತೆಗೆಯುತ್ತದೆ. ಪಾರ್ಶ್ವವಾಯುವಿನಲ್ಲಿ ರಕ್ತ ನಿಂತಾಗ ಈ ಹೀರುವಿಕೆಗೆ ಶಕ್ತಿ ಸಾಲದು. ಉಳಿದ ಗ್ಲುಟಮೇಟ್ ನರಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗಿಸಿ ಕೊಲ್ಲುತ್ತದೆ. ಬಾಯಿ ವಾರೆಯಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಶುರುವಾದ ಹೊತ್ತನ್ನು ಗುರುತಿಟ್ಟುಕೊಂಡು ಆಸ್ಪತ್ರೆಗೆ ಓಡಬೇಕು. ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಕೊಡುತ್ತಾರೆ.