ಚರ್ಮದೊಳಗೆ ಇಡುವ ಶುಗರ್ ಸೆನ್ಸರ್ ಮಾಡುವುದು ಯಾಕೆ ಇಷ್ಟು ಕಷ್ಟ?

ನೀವು ಫೈನಲ್ ಇಯರ್ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೀರಿ. ಪೇಸ್‌ಮೇಕರ್ ವರ್ಷಗಟ್ಟಲೆ ಮೈಯೊಳಗೆ ಇರುತ್ತದೆ, ಶುಗರ್ ಸೆನ್ಸರಿಗೆ ಮಾತ್ರ ಯಾಕೆ ಅಷ್ಟು ಬಾಳಿಕೆ ಇಲ್ಲ, ಪ್ರಾಜೆಕ್ಟ್ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಸರ್ಕ್ಯೂಟ್ ಡಿಸೈನ್ ಮಾಡುತ್ತೇನೆ. ಎಂ.ಟೆಕ್‌ನಲ್ಲಿ ಇದೇ ನನ್ನ ವಿಷಯ. ಗದಗದಲ್ಲಿರುವ ನನ್ನ ತಂಗಿಗೆ ಒಂಬತ್ತನೇ ವಯಸ್ಸಿಗೇ ಟೈಪ್ 1 ಡಯಾಬಿಟಿಸ್ ಬಂತು. ಚುಚ್ಚಿ ಚುಚ್ಚಿ ಅವಳ ಬೆರಳ ತುದಿ ಈಗಲೂ ಒರಟು. ಹಾಗಾಗಿ ಈ ಪ್ರಶ್ನೆ ಕಂಡರೆ ಸುಮ್ನೆ ಇರಲು ಆಗುವುದಿಲ್ಲ.

ಸರ್ಕ್ಯೂಟಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಿಜವಾದ ಜಗಳ ಮೈ ಜೊತೆ.

ಎರೆ ಹೊಲದಲ್ಲಿ ಬರಿಗಾಲಲ್ಲಿ ಓಡಾಡಿದವರಿಗೆ ಇದು ಗೊತ್ತು. ಜಾಲಿಮುಳ್ಳು ಚುಚ್ಚಿ ತುದಿ ಒಳಗೇ ಮುರಿದರೆ ಅದರ ಸುತ್ತ ಗಟ್ಟಿ ಗಂಟು ಕಟ್ಟುತ್ತದೆ. ನಮ್ಮಪ್ಪನ ಹಿಮ್ಮಡಿಯಲ್ಲಿ ಅಂಥದ್ದೊಂದು ಬಹಳ ವರ್ಷ ಇತ್ತು. ಸೆನ್ಸರಿಗೂ ಮೈ ಅದನ್ನೇ ಮಾಡುತ್ತದೆ. ಮೊದಲ ಕೆಲ ನಿಮಿಷದಲ್ಲೇ ಪ್ರೋಟೀನ್ ಮೆತ್ತಿಕೊಳ್ಳುತ್ತದೆ. ಆಮೇಲೆ ಬಿಳಿ ರಕ್ತಕಣಗಳು ಮುತ್ತುತ್ತವೆ. ಕೆಲವು ವಾರದಲ್ಲಿ ಸುತ್ತಲೂ ನಾರಿನ ಪೊರೆ. ಪೇಸ್‌ಮೇಕರಿಗೆ ಪೊರೆ ಕಟ್ಟಿದರೂ ಕೆಲಸ ನಡೆಯುತ್ತದೆ, ವಿದ್ಯುತ್ ದಾಟಿದರೆ ಸಾಕು. ಇಲ್ಲಿ ಗ್ಲೂಕೋಸೇ ಒಳಗೆ ಬರಬೇಕಲ್ವಾ? ಪೊರೆ ದಪ್ಪವಾದಷ್ಟೂ ಅದು ಬರುವುದು ತಡವಾಗುತ್ತದೆ, ರೀಡಿಂಗ್ ತಪ್ಪುತ್ತದೆ.

ಇನ್ನೊಂದು ತೊಡಕು ಕಿಣ್ವದ್ದು, ಅಂದರೆ ಸೆನ್ಸರಿನಲ್ಲಿ ಗ್ಲೂಕೋಸನ್ನು ಹಿಡಿಯುವ ಎಂಜೈಮಿನದ್ದು. ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಬಳಸಿ ಅಳೆಯುವ ಉಪಾಯ ಕೊಟ್ಟವರು ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್, 1962ರಲ್ಲಿ. ಆ ಕಿಣ್ವಕ್ಕೆ ಆಮ್ಲಜನಕ ಬೇಕು, ಚರ್ಮದ ಕೆಳಗೆ ಅದು ಗ್ಲೂಕೋಸಿಗಿಂತ ಎಷ್ಟೋ ಪಾಲು ಕಡಿಮೆ. ಸಾಲದ್ದಕ್ಕೆ ಅಲ್ಲಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ (ಹಲವು ಸೆನ್ಸರುಗಳು ಅಳೆಯುವುದು ಇದನ್ನೇ) ಕಿಣ್ವವನ್ನೇ ಸವೆಸುತ್ತದೆ.

ಎವರ್‌ಸೆನ್ಸ್ ಎಂಬ ಸೆನ್ಸರ್ ನನಗೆ ಇಷ್ಟವಾಗುವುದು ಇದಕ್ಕೇ. ಅದನ್ನು ಮಾಡಿದವರು ಕಿಣ್ವವನ್ನೇ ಕೈಬಿಟ್ಟರು. ಸುಮಾರು 18 ಮಿ.ಮೀ. ಉದ್ದ, 3.5 ಮಿ.ಮೀ. ದಪ್ಪದ ಕಡ್ಡಿ ಅದು. ಡಾಕ್ಟರು ತೋಳಲ್ಲಿ ಸಣ್ಣ ಗಾಯ ಮಾಡಿ ಇಡುತ್ತಾರೆ. ಮೇಲಿರುವ ಜೆಲ್‌ನಲ್ಲಿ ಬೋರಾನಿಕ್ ಆಮ್ಲದ ಅಣುಗಳಿವೆ. ಗ್ಲೂಕೋಸ್ ಬಂದು ಅಂಟಿದರೆ, ಒಳಗಿನ ಎಲ್‌ಇಡಿ ಬೆಳಕಿಗೆ ಅವು ಜಾಸ್ತಿ ಹೊಳೆಯುತ್ತವೆ. ಗ್ಲೂಕೋಸ್ ಖರ್ಚಾಗುವುದಿಲ್ಲ, ಆಮ್ಲಜನಕವೂ ಬೇಡ. ಕರೆಂಟು ಚರ್ಮದ ಮೇಲಿನ ಟ್ರಾನ್ಸ್‌ಮಿಟರಿನಿಂದ ಬರುತ್ತದೆ. ಉರಿಯೂತ ತಡೆಯಲು ಡೆಕ್ಸಾಮೆಥಾಸೋನ್ ಔಷಧಿಯ ಉಂಗುರವೂ ಇದೆ, ಅದು ಚೂರುಚೂರೇ ಕರಗುತ್ತದೆ. ಅಮೆರಿಕದಲ್ಲಿ 2018ರಲ್ಲಿ 90 ದಿನಕ್ಕೆ ಒಪ್ಪಿಗೆ ಸಿಕ್ಕಿತು, 2022ರಲ್ಲಿ 180ಕ್ಕೆ, 2024ರಲ್ಲಿ 365ಕ್ಕೆ. ಆರು ವರ್ಷ ದುಡಿದು ಒಂಬತ್ತು ತಿಂಗಳ ಬಾಳಿಕೆ ಹೆಚ್ಚಿಸಿದ್ದಾರೆ. ಕೆಲಸ ಎಷ್ಟು ಬಿಗಿ ಅಂತ ಇದರಲ್ಲೇ ಕಾಣುತ್ತದೆ.

ನಿಮ್ಮ ಪ್ರಾಜೆಕ್ಟಿಗೆ ಬರೋಣ. ಮೈಯೊಳಗೆ ಇಡುವ ಮಾತು ಈಗ ಬೇಡವೇ ಬೇಡ, ಅದಕ್ಕೆ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು. ಕಿಣ್ವದ ಸೆನ್ಸರನ್ನೇ ತೆಗೆದುಕೊಳ್ಳಿ, ಮೇಜಿನ ಮೇಲೆ ಎರಡು ವಾರ ಬದುಕಿಸಿ ನೋಡಿ. ಫಾಸ್ಫೇಟ್ ಬಫರ್ (ಆಮ್ಲೀಯತೆ ಏರುಪೇರಾಗದಂತೆ ಹಿಡಿದಿಡುವ ದ್ರಾವಣ), 37 ಡಿಗ್ರಿ, ಗ್ಲೂಕೋಸ್ 40ರಿಂದ 400 ಮಿ.ಗ್ರಾಂ. ತನಕ. ಅದು ಪ್ರತಿ ಡೆಸಿಲೀಟರಿಗೆ.

ಒಂದು ಮಾತು ನೆನಪಿಡಿ. ನಾನು ಗ್ಲೂಕೋಸ್ ಪುಡಿ ಕರಗಿಸಿದ ಕೂಡಲೇ ಅಳೆಯುತ್ತಿದ್ದೆ. ರೀಡಿಂಗ್ ತಾನಾಗಿ ಮೇಲೇರುತ್ತಲೇ ಇತ್ತು. ಸರ್ಕ್ಯೂಟ್ ತಪ್ಪಿರಬೇಕು ಅಂತ ಎರಡು ಸಲ ಬಿಚ್ಚಿ ಬೆಸುಗೆ ಹಾಕಿದೆ, ಒಂದು ವಾರ ಹೋಯಿತು. ಪುಡಿಯಲ್ಲಿರುವುದು ಹೆಚ್ಚಾಗಿ ಆಲ್ಫಾ ರೂಪದ ಗ್ಲೂಕೋಸ್, ಕಿಣ್ವ ಹಿಡಿಯುವುದು ಬೀಟಾ ರೂಪವನ್ನು. ಕರಗಿದ ಮೇಲೆ ಆಲ್ಫಾ ನಿಧಾನಕ್ಕೆ ಬೀಟಾ ಆಗುತ್ತದೆ, ರಾತ್ರಿಯಿಡೀ ಬಿಟ್ಟರೆ ಎರಡರ ಪ್ರಮಾಣವೂ ಒಂದು ಹದಕ್ಕೆ ಬಂದು ನಿಲ್ಲುತ್ತದೆ.

ಆಮೇಲೆ ಬಫರಿಗೆ ಆಲ್ಬುಮಿನ್ ಪ್ರೋಟೀನ್ ಹಾಕಿ. ನೈಟ್ರೋಜನ್ ಹಾಯಿಸಿ ಆಮ್ಲಜನಕ ಇಳಿಸಿ. ಒಂದು ದಿನ ಪ್ಯಾರಾಸಿಟಮಾಲ್ ಬೆರೆಸಿ. ಪೆರಾಕ್ಸೈಡ್ ಅಳೆಯುವ ಎಲೆಕ್ಟ್ರೋಡಿಗೆ ಅದೂ ಶುಗರಿನಂತೆಯೇ ಕಾಣುತ್ತದೆ, ಜ್ವರದ ಮಾತ್ರೆ ನುಂಗಿದವರ ರೀಡಿಂಗ್ ಕೆಲವು ಸೆನ್ಸರುಗಳಲ್ಲಿ ಸುಳ್ಳೇ ಏರುವುದು ಹೀಗೆ. ದಿನಾ ಅದೇ ಹೊತ್ತಿಗೆ 100 ಮಿ.ಗ್ರಾಂ. ದ್ರಾವಣದಲ್ಲಿ ಅಳೆದು ಕರೆಂಟು ಎಷ್ಟು ಇಳಿಯಿತು ಅಂತ ಬರೆದಿಡಿ. ಆ ಹದಿನಾಲ್ಕು ದಿನದ ಗ್ರಾಫ್ ಸಿಕ್ಕ ಮೇಲೆ ಇಲ್ಲೇ ಹಾಕಿ, ಕೂತು ನೋಡೋಣ.